ಯುಲಾಲಿಯ ಮಿಠಾಯಿ ಬೆವರಿದ ಬೇಸಿಗೆ

ಬಾಗಿಲು ಎಳ್ಕೊಂಡು ಬಾ ಮಗಾ, ಹೊರಗಿನ ಪಸೆಯನ್ನೆಲ್ಲ ಒಳಗೆ ಕರ್ಕೊಂಡು ಬರಬೇಡ. ಹಾಂ, ಕೂತ್ಕೋ. ಎಲ್ಲಿಗೆ ನಿಲ್ಲಿಸಿದ್ದೆ? ಯುಲಾಲಿಯ ಉಪ್ಪಿನ ಕುಡಿಕೆ ಹತ್ತಿರ ಅಲ್ವಾ? ಸರಿ, ಬರ್ಕೋ.

ಯುಲಾಲಿಯ ಉಪ್ಪಿನ ಕುಡಿಕೆಯಲ್ಲಿ ಯಾವಾಗಲೂ ನಾಲ್ಕು ಕಾಳು ಅಕ್ಕಿ ಇರುತ್ತಿತ್ತು. ನಮ್ಮ ಬಾಯುವಿನ ದಂಡೆಯಲ್ಲಿ ಯಾರ ಮನೆಗೆ ಹೋದರೂ ಅಷ್ಟೇ. ಇದು ಹೊಳೆಯೋ, ಹಿನ್ನೀರೋ, ಕಡಲಿನ ಬಾಲವೋ ಎಂದು ನೀರಿಗೇ ಗೊತ್ತಿಲ್ಲದ ಜಾಗ ನಮ್ಮದು. ಅಕ್ಕಿ ಹಾಕದಿದ್ದರೆ ಉಪ್ಪು ಉದುರುವುದಿಲ್ಲ. ಆದರೆ ಆ ವರ್ಷದ ಜುಲೈ ತಿಂಗಳಲ್ಲಿ, ನಮ್ಮ ಕಡುಬೇಸಿಗೆಯಲ್ಲಿ, ಅವಳ ಕುಡಿಕೆಯೊಳಗೆ ಉಪ್ಪೂ ಅಕ್ಕಿಯೂ ಒಂದಾಗಿ ಕಲ್ಲಿನಂತೆ ಕೂತುಬಿಟ್ಟಿತು. ಮೇಜಿಗೆ ಕುಟ್ಟಿದಳು, ಗೋಡೆಗೆ ಕುಟ್ಟಿದಳು, ಕೊನೆಗೆ ಚಾಕು ಹಾಕಿ ಕೆರೆದಳು. ಆಗಲೂ ಅವಳು ಮನೆಯ ಮೇಲೆ ಅನುಮಾನ ಪಡಲಿಲ್ಲ. ಅನುಮಾನ ಪಟ್ಟದ್ದು ತನ್ನ ಕೈಯ ಮೇಲೆ.

ಅವಳ ಕೈ ಅಂದರೆ ಏನು ಅಂತ ಮೊದಲು ಹೇಳಬೇಕು. ಯುಲಾಲಿಯ ತಾಯಿ ಸೀಗಡಿ ಒಣಗಿಸುವ ಹಲಗೆಗಳ ಮೇಲೆ ಕುಣಿಯುತ್ತಿದ್ದವಳು. ಹೌದು, ಕುಣಿಯುವುದೇ ಕೆಲಸ. ಬಿಸಿಲಿಗೆ ಹರಡಿ ಒಣಗಿದ ಸೀಗಡಿಯನ್ನು ಕಾಲಿಗೆ ಬಟ್ಟೆ ಸುತ್ತಿಕೊಂಡು ತುಳಿದು ತುಳಿದು ಸಿಪ್ಪೆ ಬಿಡಿಸುತ್ತಿದ್ದರು. ಮೋಡ ಕಟ್ಟಿತೆಂದರೆ ಓಡಿಹೋಗಿ ಹೊದಿಕೆ ಎಳೆಯುವುದು ಮಕ್ಕಳ ಪಾಲು. ಹಾಗಾಗಿ ಗಾಳಿಯಲ್ಲಿ ಎಷ್ಟು ನೀರಿದೆ ಎಂದು ಯುಲಾಲಿ ಮೂಗಿನಿಂದಲೇ ಅಳೆಯುತ್ತಿದ್ದಳು. ಬೆಳೆದ ಮೇಲೆ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದಳು. ಗಂಡ ನೋಯೆ ಸೀಗಡಿ ದೋಣಿಯವನು, ಮಾತು ಕಡಿಮೆ, ಹಾಡು ಜಾಸ್ತಿ. ಮಕ್ಕಳಾಗಲಿಲ್ಲ. ಆದರೆ ಜ್ಞಾನಸ್ನಾನದ ದಿನ ಅವಳ ತೋಳಿನಲ್ಲಿ ಮಲಗಿದ ಮಕ್ಕಳಿಗೆ ಲೆಕ್ಕವಿಲ್ಲ. ಹಾಗೆ ಮಗುವನ್ನು ಹಿಡಿದುಕೊಂಡವಳನ್ನು ನಾವು ನೆನೇನ್ ಅನ್ನುತ್ತೇವೆ, ಹೆತ್ತವಳಿಗಿಂತ ಅರ್ಧ ಮೆಟ್ಟಿಲು ಕೆಳಗೆ, ಉಳಿದೆಲ್ಲರಿಗಿಂತ ಮೇಲೆ.

ಅವಳ ಪ್ರಾಲೀನ್ ಮಿಠಾಯಿ ಇಲ್ಲದೆ ನಮ್ಮ ದಂಡೆಯಲ್ಲಿ ಮದುವೆ ಆಗುತ್ತಿರಲಿಲ್ಲ. ಸಕ್ಕರೆ, ಕೆನೆ, ಬೆಣ್ಣೆ, ಹಿತ್ತಿಲ ಪೆಕಾನ್ ಬೀಜ. ಇಷ್ಟೇ ಸಾಮಾನು. ಉಂಡೆಪಾಕ ಬಂದ ಮೇಲೆ ಒಲೆಯಿಂದ ಇಳಿಸಿ, ಹೊಳಪು ಮಾಸುವ ತನಕ ತಿರುವಿ, ಮೇಣದ ಕಾಗದದ ಮೇಲೆ ಚಮಚದಿಂದ ಹುಯ್ಯಬೇಕು. ಗಟ್ಟಿಯಾದಾಗ ಹಲ್ಲಿಗೆ ಮರಳಿನಂತೆ ಸಿಕ್ಕಿ ನಾಲಿಗೆಯ ಮೇಲೆ ಕರಗಬೇಕು. ತಿರುವುವುದಕ್ಕೆ ಅವಳ ಹತ್ತಿರ ಒಂದು ಮರದ ಸೌಟು. ನೋಯೆಯ ದೋಣಿಯ ಹುಟ್ಟು ಮುರಿದಾಗ ಅದರ ತುಂಡಿನಿಂದ ಅವನೇ ಕೆತ್ತಿಕೊಟ್ಟದ್ದು. ನನಗೂ ಒಂದು ಕೆತ್ತಿಕೊಡು ಅಂತ ನಾನು ಕೇಳಿದ್ದೆ. "ಇನ್ನೊಂದು ಹುಟ್ಟು ಮುರೀಲಿ ತಡಿ" ಅಂದ. ಪುಣ್ಯಾತ್ಮ, ಮತ್ತೆ ಮುರಿಯಲೇ ಇಲ್ಲ.

ದೊಡ್ಡ ಬಿರುಗಾಳಿ ಬಂದಾಗ ನೋಯೆ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಯುಲಾಲಿಯ ಮನೆ ಕಂಬಗಳ ಮೇಲೆ ನಿಂತದ್ದು, ಉಳಿದುಕೊಂಡಿತು. ಆದರೆ ಹೊರಗಿನ ಅಟ್ಟಣೆಯ ಮೇಲಿದ್ದ ಏಸಿ ಯಂತ್ರ ಅಟ್ಟಣೆಯ ಸಮೇತ ಬಾಯುವಿಗೆ ಹೋಯಿತು. ನೀರು ಇಳಿದ ಮೇಲೆ ನೋಡಿದರೆ ಅದರೊಳಗೆ ಏಡಿಗಳು ಸಂಸಾರ ಹೂಡಿದ್ದವು.

ಆಗ ಬಂದವನು ವಿಲ್ಟನ್. ಅವಳ ಜ್ಞಾನಸ್ನಾನದ ಮಕ್ಕಳಲ್ಲಿ ಹಿರಿಯ, ದಕ್ಕೆಯ ಐಸ್ ಮನೆಯಲ್ಲಿ ಕೆಲಸ. ದೋಣಿಗಳಿಗೆ ಐಸ್ ತುಂಬುವುದರಲ್ಲೇ ತಲೆ ನರೆತವನು. ದಕ್ಕೆಯ ಪಕ್ಕದ ದೊಡ್ಡ ಹೋಟೆಲೊಂದು ಬಿರುಗಾಳಿಯ ನಂತರ ಮುಚ್ಚಿತ್ತು. ಅಲ್ಲಿನ ಹೊರಗಿನ ಯಂತ್ರವನ್ನು, ಆಳೆತ್ತರದ್ದು, ಸೀಗಡಿ ಗಾಡಿಯಲ್ಲಿ ಹೇರಿಕೊಂಡು ತಂದ. ಹೊಸ ಅಟ್ಟಣೆ ಕಟ್ಟಿದ, ಯಂತ್ರ ಕೂರಿಸಿದ, ಮನೆಯ ಅಟ್ಟದಲ್ಲಿದ್ದ ಹಳೆಯ ಒಳಯಂತ್ರಕ್ಕೆ ಕೊಳವೆ ಸೇರಿಸಿದ.

"ಒಳಗಿಂದು ಬದಲಾಯಿಸಬೇಡ್ವಾ?" ಎಂದು ಯುಲಾಲಿ ಕೇಳಿದಳು.

"ಅದು ಚೆನ್ನಾಗೇ ಇದೆ, ಸುಮ್ನೆ ಯಾಕೆ ಕೀಳೋದು? ತಂಪು ಹುಟ್ಟೋದು ಹೊರಗೆ ನೆನೇನ್. ಹೊರಗಿಂದು ದೊಡ್ಡದಿದ್ರೆ ಆಯ್ತು. ಇನ್ಮೇಲೆ ನಿಂಗೆ ಸೆಖೆ ಅನ್ನೋ ಮಾತೇ ಮರ್ತೋಗುತ್ತೆ." ಹೋಗುವಾಗ ಗೋಡೆಯ ಮೇಲಿನ ಗುಂಡಿಯನ್ನು ತಿರುಗಿಸಿ, ಫ್ಯಾನ್ ಹಗಲೂ ರಾತ್ರಿ ನಿಲ್ಲದಂತೆ ಇಟ್ಟ. "ಗಾಳಿ ಆಡ್ತಾ ಇರ್ಲಿ."

ಬದುಕಿಡೀ ಐಸಿನ ಜೊತೆ ಇದ್ದವನಿಗೆ ಬೇರೆ ಹೇಗೆ ಹೊಳೆಯಬೇಕು? ಐಸ್ ಮನೆಯಲ್ಲಿ ದೊಡ್ಡ ಯಂತ್ರ ಒಳ್ಳೆಯ ಯಂತ್ರ. ಅಲ್ಲಿ ಒದ್ದೆ ಅನ್ನುವುದು ದೂರಲ್ಲ.

ಅಂದಿನಿಂದ ಯಂತ್ರ ಗುಡುಗಿನಂತೆ ಶುರುವಾಗುವುದು, ಯುಲಾಲಿ ಕಾಫಿ ಸೋಸಿ ಮುಗಿಸುವಷ್ಟರಲ್ಲಿ ನಿಂತುಬಿಡುವುದು. ಸ್ವಲ್ಪ ಹೊತ್ತಿಗೆ ಮತ್ತೆ ಗುಡುಗು. ಮನೆ ತಣ್ಣಗಿತ್ತು ನಿಜ, ಜುಲೈಯಲ್ಲಿ ಅವಳು ಉಣ್ಣೆಯ ಅಂಗಿ ಹಾಕಿಕೊಂಡು ಕೂರುತ್ತಿದ್ದಳು. ಆದರೆ ಹಾಸಿಗೆಯ ಬಟ್ಟೆ ಈಗಷ್ಟೇ ಹಿಂಡಿ ಹಾಸಿದಂತಿರುತ್ತಿತ್ತು. ಕಪಾಟಿನಲ್ಲಿದ್ದ ನೋಯೆಯ ಭಾನುವಾರದ ಬೂಟುಗಳ ಮೇಲೆ ಹಸಿರು ಬೂಷ್ಟು ಬಂತು. ಮಲಗುವ ಕೋಣೆಯ ಬಾಗಿಲು ಉಬ್ಬಿ, ಭುಜ ಕೊಟ್ಟು ನೂಕಬೇಕಾಯಿತು. ಚರ್ಚಿನ ಕ್ಯಾಲೆಂಡರಿನ ಕಾಗದ ಪಸೆಗೆ ಉಬ್ಬಿ, ಸಂತ ಜೋಸೆಫನ ಹೊಟ್ಟೆ ಮುಂದೆ ಬಂತು. ಅದನ್ನು ನೋಡಿ ನಾನು ನಕ್ಕಿದ್ದೆ. ಅವಳು ನಗಲಿಲ್ಲ.

ಮಿಠಾಯಿ ಗಟ್ಟಿಯಾಗುವುದನ್ನು ಮರೆತದ್ದು ಆಗಲೇ. ಮಳೆಯ ದಿನ ಪ್ರಾಲೀನ್ ಮಾಡಬಾರದೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅವಳು ಒಣ ದಿನವನ್ನೇ ಕಾದು ಮಾಡಿದಳು. ಬೆಳಿಗ್ಗೆ ಹುಯ್ದದ್ದು ಮಧ್ಯಾಹ್ನಕ್ಕೂ ಅಂಟಂಟು. ಸಂಜೆಗೆ ಅದರ ಮೈಮೇಲೆ ಹನಿ, ಮನುಷ್ಯರಿಗೆ ಬೆವರು ಒಡೆದಂತೆ. ಪಾಕ ಇನ್ನೂ ಗಟ್ಟಿ ಮಾಡಿದಳು, ಬೆಣ್ಣೆ ಕಡಿಮೆ ಮಾಡಿದಳು. ಊಹೂಂ.

ಪಕ್ಕದ ಮನೆಯ ವರ್ಲೀನ್ ಬಂದು ಒಂದನ್ನು ಎತ್ತಿಕೊಂಡಳು. ಅದು ಬೆರಳಿನಿಂದ ಇಳಿಯತೊಡಗಿತು. "ಏನೇ ಯುಲಾಲಿ, ಇದನ್ನ ತಿನ್ಬೇಕಾ ಕುಡೀಬೇಕಾ?"

"ಬಾಯಿ ಮುಚ್ಚಿಕೊಂಡು ನೆಕ್ಕು."

"ಬೇಜಾರ್ ಮಾಡ್ಕೋಬೇಡ ಕಣೇ. ನಮ್ಮತ್ತೆಗೂ ಹೀಗೇ ಆಗಿತ್ತು. ಒಂದಿನ ಕೈ ಹೋಯ್ತು ಅಂದ್ರೆ ಹೋಯ್ತು. ಮತ್ತೆ ಬರಲಿಲ್ಲ."

ವರ್ಲೀನ್‌ಗೆ ಒಳಗೊಂದು ಹೊರಗೊಂದು ಇಲ್ಲ, ಅದೇ ತೊಂದರೆ. ಆ ಮಾತು ಯುಲಾಲಿಯ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಯಾಕೆಂದರೆ ಆ ಬೇಸಿಗೆಯ ಕೊನೆಗೆ ವಿಲ್ಟನ್‌ನ ಮಗಳು ಡೆಲ್ಫೀನ್‌ಳ ಮದುವೆ. ವಿಲ್ಟನ್‌ನ ಅಪ್ಪ ಅಮ್ಮನ ಮದುವೆಗೆ ಮಿಠಾಯಿ ಮಾಡಿದವಳು ಯುಲಾಲಿ, ವಿಲ್ಟನ್‌ನ ಮದುವೆಗೂ ಅವಳೇ. ಡೆಲ್ಫೀನ್ ತೊಟ್ಟಿಲಲ್ಲಿದ್ದಾಗಲೇ "ನಿನ್ನದಕ್ಕೂ ನಾನೇ" ಎಂದು ಮಾತು ಕೊಟ್ಟಿದ್ದಳು. ಈಗ ಆ ಹುಡುಗಿಯೇ ಬಂದು, ಬೆವರುತ್ತಿದ್ದ ತಟ್ಟೆಯನ್ನು ಕಂಡು, ಕೆನ್ನೆಗೆ ಮುತ್ತಿಟ್ಟು ಅಂದಳು: "ನಿಂಗೆ ಆಯಾಸ ಆಗಿದ್ರೆ ಬಿಡು ನೆನೇನ್. ನ್ಯೂ ಆರ್ಲಿಯನ್ಸ್‌ನ ಅಂಗಡಿಯಿಂದ ತರಿಸ್ತೀವಿ. ನೀನು ಸುಮ್ನೆ ಬಂದು ಕೂತ್ಕೋ."

ಸುಮ್ಮನೆ ಬಂದು ಕೂತುಕೊಳ್ಳುವುದು! ಒಳ್ಳೆಯ ಮನಸ್ಸಿನಿಂದ ಆಡಿದ ಮಾತೇ. ಯುಲಾಲಿಗೆ ಮಾತ್ರ ಯಾರೋ ಕೈಯಿಂದ ಸೌಟು ಕಿತ್ತುಕೊಂಡಂತಾಯಿತು.

ಮನೆಯ ತಂಪಿನ ಬಗ್ಗೆ ವಿಲ್ಟನ್‌ಗೆ ಯಾಕೆ ಹೇಳಲಿಲ್ಲ ಅಂತೀಯಾ? ಜ್ಞಾನಸ್ನಾನದ ಮಗ ತನ್ನ ಕೈಯಾರೆ ಮಾಡಿಕೊಟ್ಟದ್ದರಲ್ಲಿ ನೆನೇನ್ ಆದವಳು ಕೊಂಕು ತೆಗೆಯುತ್ತಾಳೆಯೇ? ನಮ್ಮಲ್ಲಿ ಹಾಗಿಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಅವನು ಬಂದು ಗಾಳಿ ಬರುವ ಕಿಂಡಿಯ ಕೆಳಗೆ ನಿಂತು, ಎದೆ ಉಬ್ಬಿಸಿ, "ತಂಪಾಗಿದ್ಯಾ ನೆನೇನ್?" ಅನ್ನುವನು. ಅವಳು ಉಣ್ಣೆಯ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ "ತಂಪಾಗಿದೆ ಮಗಾ" ಅನ್ನುವಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅಷ್ಟರಲ್ಲಿ ಮುದುಕ ಕ್ಲೋವಿಸ್ ತೀರಿಕೊಂಡ. ಅವನ ಬಗ್ಗೆ ಇನ್ನೊಂದು ದಿನ ಹೇಳುತ್ತೇನೆ, ಮೂರು ಹೆಂಡಿರ ಕಥೆ ಅದು. ಅಡ್ರಿಯನ್‌ನ ಅಂತ್ಯಸಂಸ್ಕಾರದ ಮನೆಯಲ್ಲಿ ದೇಹ ಇಟ್ಟಿದ್ದರು. ನಮ್ಮಲ್ಲಿ ಯಾರು ಸತ್ತರೂ ಮಣ್ಣು ಮಾಡುವ ಮುಂಚೆ ಅಲ್ಲೇ ಮಲಗಿಸುವುದು, ಶವದ ಪೆಟ್ಟಿಗೆ ಆರಿಸುವುದೂ ಅಲ್ಲೇ. ಅಲ್ಲಿ ಹಿಂದುಗಡೆ ಒಂದು ಅಡುಗೆಮನೆ ಇದೆ, ಬಂದವರಿಗೆ ಕಾಫಿ ಮಾಡಲಿಕ್ಕೆ. ಎಲ್ಲರೂ ಜಪಸರ ಹಿಡಿದು ಕೂತಾಗ ಯುಲಾಲಿ ಕಾಫಿಯ ಕೆಲಸಕ್ಕೆ ನಿಂತಳು. ಸಕ್ಕರೆ ಬಟ್ಟಲನ್ನು ಓರೆ ಮಾಡಿದಳು. ಸಕ್ಕರೆ ಮರಳಿನ ಹಾಗೆ ಜರ್ರನೆ ಜಾರಿತು. ಬಿಸ್ಕತ್ತು ಮುರಿದಳು. ಟಪ್ ಎಂದಿತು. ಮೂಗು ಎತ್ತಿ ಗಾಳಿಯನ್ನು ಎಳೆದುಕೊಂಡಳು, ಚಿಕ್ಕಂದಿನಲ್ಲಿ ಹಲಗೆಗಳ ಪಕ್ಕ ನಿಂತು ಎಳೆದುಕೊಂಡಂತೆ. ಒಣ ಗಾಳಿ!

ಅಡ್ರಿಯನ್‌ನನ್ನು ಮೂಲೆಗೆ ಕರೆದಳು. "ನಿನ್ನ ಒಲೆ ಒಂದಿನ ಬೇಕಲ್ಲಪ್ಪಾ."

"ಯಾಕೆ ಮಿಸ್ ಯುಲಾಲಿ?" ಮದುವೆಯಾಗಿರಲಿ ಬಿಡಲಿ, ಹಿರಿಯ ಹೆಂಗಸರಿಗೆ ಮಿಸ್ ಅನ್ನುವುದು ನಮ್ಮಲ್ಲಿ ಮರ್ಯಾದೆ.

"ಮಿಠಾಯಿಗೆ. ಬಾಯಿ ಬಿಟ್ಟರೆ ನೋಡು."

ಅಡ್ರಿಯನ್ ಕರಿ ಕೋಟಿನ ಕಾಲರ್ ಸರಿ ಮಾಡಿಕೊಂಡ. "ಯಾರೂ ಇಲ್ಲದ ದಿನ ಬನ್ನಿ. ಇದ್ದರೂ ಪರವಾಗಿಲ್ಲ, ನನ್ನ ಗಿರಾಕಿಗಳು ಯಾರ ಸುದ್ದಿಗೂ ಹೋಗೋರಲ್ಲ."

ಕ್ಲೋವಿಸ್‌ನ ಮಣ್ಣು ಮುಗಿದ ಮಾರನೆಯ ದಿನ ಯುಲಾಲಿ ಹೊರಟಳು. ಅಂಥ ಮನೆಗೆ ಮನೆಯ ಅಂಗಿಯಲ್ಲಿ ಹೋಗುವುದು ಹೇಗೆ? ಭಾನುವಾರದ ಕರಿ ಉಡುಪು ಹಾಕಿದಳು, ಟೋಪಿ ಇಟ್ಟಳು, ಸಾಮಾನನ್ನೆಲ್ಲ ದೊಡ್ಡ ಕರಿ ಚೀಲಕ್ಕೆ ತುಂಬಿದಳು. ಅದನ್ನು ವರ್ಲೀನ್ ಕಂಡಳು. ಯುಲಾಲಿ ಒಬ್ಬಳೇ, ಕರಿ ಬಟ್ಟೆಯಲ್ಲಿ, ಅಡ್ರಿಯನ್‌ನ ಬಾಗಿಲು ತಟ್ಟಿ ಒಳಗೆ ಹೋದದ್ದನ್ನು. ಕ್ಲೋವಿಸ್‌ನ ನಂತರ ಊರಲ್ಲಿ ಯಾರೂ ಸತ್ತಿರಲಿಲ್ಲ. ವರ್ಲೀನ್ ಸೀದಾ ಐಸ್ ಮನೆಗೆ ನಡೆದಳು.

"ವಿಲ್ಟನ್, ನಿನ್ನ ನೆನೇನ್ ತನ್ನ ಶವದ ಪೆಟ್ಟಿಗೆ ತಾನೇ ಆರಿಸೋಕೆ ಹೋಗಿದಾಳೆ ಕಣೋ! ಡಾಕ್ಟರ್ ಏನೋ ಹೇಳಿರ್ಬೇಕು. ನಮಗೆ ಯಾರಿಗೂ ಹೇಳಿಲ್ಲ."

ವಿಲ್ಟನ್ ಸಲಿಕೆ ಎಸೆದು ಓಡಿದ. ಮೊಣಕಾಲಿನವರೆಗಿನ ಬಿಳಿ ರಬ್ಬರ್ ಬೂಟು, ಮೀಸೆಯಲ್ಲಿ ಐಸಿನ ಪುಡಿ, ಹಾಗೇ ಅಡ್ರಿಯನ್‌ನ ಚೊಕ್ಕ ರತ್ನಗಂಬಳಿಯ ಮೇಲೆ ಪಚಕ್ ಪಚಕ್ ಎಂದು ಹೆಜ್ಜೆ ಹಾಕುತ್ತಾ ಹಿಂದಿನ ಅಡುಗೆಮನೆಗೆ ನುಗ್ಗಿದ.

"ನೆನೇನ್! ಏನಾಯ್ತು? ಡಾಕ್ಟರ್ ಏನಂದ್ರು?"

ಯುಲಾಲಿ ಟೋಪಿಯನ್ನೂ ತೆಗೆಯದೆ ಪಾತ್ರೆಯ ಮೇಲೆ ಬಗ್ಗಿದ್ದಳು. "ಮಾತಾಡಿಸ್ಬೇಡ. ಪಾಕ ಬಂದಿದೆ."

"ಪಾಕ?"

"ಶ್!"

ಪಾಕ ಬಂದಾಗ ಪೋಪರೇ ಬಂದರೂ ಕಾಯಬೇಕು. ವಿಲ್ಟನ್ ಟೋಪಿ ಕೈಯಲ್ಲಿ ಹಿಡಿದು, ಮೀಸೆಯಿಂದ ನೀರು ತೊಟ್ಟಿಕ್ಕಿಸುತ್ತಾ, ತಾಯಿಯಂಥವಳು ಸಾಯಲಿದ್ದಾಳೆಂದೇ ನಂಬಿಕೊಂಡು ಗೋಡೆಗೆ ಒರಗಿ ನಿಂತ. ಹುಟ್ಟಿನ ಸೌಟು ತಿರುಗಿತು, ತಿರುಗಿತು. ಪಾಕದ ಹೊಳಪು ಮಾಸಿತು. ಕಾಗದದ ಮೇಲೆ ಒಂದೊಂದೇ ಬಿಲ್ಲೆ ಹುಯ್ದಳು. ಆಮೇಲೆ ಕುರ್ಚಿಯಲ್ಲಿ ಕೂತು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಬಿಲ್ಲೆಗಳನ್ನೇ ನೋಡಿದಳು. ಅಡ್ರಿಯನ್ನೂ ಬಂದು ಬಾಗಿಲಲ್ಲಿ ನಿಂತ.

ಅಂಚು ಮಬ್ಬಾಯಿತು. ನಡುವೂ ಮಬ್ಬಾಯಿತು. ಯುಲಾಲಿ ಒಂದನ್ನು ಬೆರಳ ತುದಿಯಿಂದ ಮೆಲ್ಲಗೆ ಎಬ್ಬಿಸಿದಳು. ಕಾಗದಕ್ಕೆ ಅಂಟದೆ ಎದ್ದು ಬಂತು. ಮುರಿದಳು. ಟಪ್.

ಅವಳು ಅತ್ತುಬಿಟ್ಟಳು. "ಕೈ ಹೋಗಿಲ್ಲ ಕಣೋ ವಿಲ್ಟನ್! ನನ್ನ ಕೈ ಎಲ್ಲೂ ಹೋಗಿಲ್ಲ!"

"ಹಾಗಾದ್ರೆ ನೀನು ಸಾಯ್ತಾ ಇಲ್ವಾ?"

"ನಾನ್ಯಾಕೋ ಸಾಯಲಿ? ಡೆಲ್ಫೀನ್ ಮದುವೆ ಇಟ್ಟುಕೊಂಡು?"

ವಿಲ್ಟನ್‌ಗೂ ಅಳು ಬಂತು. ಅಳುತ್ತಲೇ ಒಂದು ಮಿಠಾಯಿ ಬಾಯಿಗೆ ಹಾಕಿಕೊಂಡ. ಆಮೇಲೆ ಕೇಳಲೇಬೇಕಾದ ಪ್ರಶ್ನೆ ಕೇಳಿದ. "ಮನೇಲಿ ಯಾಕೆ ಮಾಡ್ಲಿಲ್ಲ ನೆನೇನ್?"

ಯುಲಾಲಿ ಟೋಪಿ ತೆಗೆದು ಮೇಜಿನ ಮೇಲಿಟ್ಟಳು. ಇನ್ನು ಮುಚ್ಚಿಡಲು ದಾರಿಯಿರಲಿಲ್ಲ. ಕೈ ಸರಿಯಿದೆ ಅಂದರೆ ಕೆಟ್ಟಿರುವುದು ಮನೆ.

"ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ನೀನು ನನ್ನನ್ನ ಸೀಗಡಿ ಇಟ್ಟ ಹಾಗೆ ಇಟ್ಟಿದೀಯ ಮಗಾ. ತಣ್ಣಗೆ, ಒದ್ದೆಯಾಗಿ. ಸೀಗಡಿಗೆ ಅದು ಒಳ್ಳೇದೇ. ಮಿಠಾಯಿಗೆ ಆಗಲ್ಲ. ನನ್ನ ಮಂಡಿಗೂ ಆಗಲ್ಲ."

ವಿಲ್ಟನ್‌ನ ಮುಖ ಸಣ್ಣದಾಯಿತು. ಮಿಠಾಯಿಯನ್ನು ನುಂಗಿ ನೆಲ ನೋಡಿದ. "ಅಷ್ಟು ದೊಡ್ಡ ಯಂತ್ರ..." ಎಂದ. ಅಡ್ರಿಯನ್ ಕೆಮ್ಮಿ, "ನನ್ನ ಏಸೀಲಿ ಒಳಗಿಂದೂ ಹೊರಗಿಂದೂ ಒಂದೇ ಗಾಡೀಲಿ ಬಂದಿದ್ದು" ಎಂದಷ್ಟೇ ಹೇಳಿದ. ವಿಲ್ಟನ್ ಟೋಪಿ ತಲೆಗಿಟ್ಟುಕೊಂಡು ಹೊರಟುಹೋದ. ಯುಲಾಲಿಗೆ ಬಾಯಲ್ಲಿದ್ದ ಸಿಹಿಯೂ ಕಹಿಯಾಯಿತು. ಮಿಠಾಯಿ ಉಳಿಸಿಕೊಂಡು ಮಗನನ್ನು ಕಳೆದುಕೊಂಡೆನಲ್ಲ ಅಂದುಕೊಂಡೇ ಪಾತ್ರೆ ತೊಳೆದಳು.

ಮನೆಗೆ ಬಂದರೆ ಅಟ್ಟದ ಏಣಿ ಇಳಿಬಿಟ್ಟಿತ್ತು. ಮೇಲಿನಿಂದ ಬೈಗುಳವೋ ನಗುವೋ ತಿಳಿಯದ ಸದ್ದು. ಆಮೇಲೆ ವಿಲ್ಟನ್‌ನ ಬಿಳಿ ಬೂಟುಗಳು ಇಳಿದವು, ಅವನೂ ಇಳಿದ. ಬೊಗಸೆ ತುಂಬ ಐಸ್.

"ನೋಡು ನೆನೇನ್! ಐಸ್ ಮನೇಲಿ ದುಡಿಯೋ ಮುಠ್ಠಾಳ, ನಿನ್ನ ಅಟ್ಟದಲ್ಲಿ ಇನ್ನೊಂದು ಐಸ್ ಮನೆ ಕಟ್ಟಿದೀನಿ!"

ಅದನ್ನು ಪಾತ್ರೆ ತೊಳೆಯುವ ತೊಟ್ಟಿಗೆ ಸುರಿದು ಅವನು ಬಿಡಿಸಿ ಹೇಳಿದ. ಯುಲಾಲಿ ನನಗೆ ಹೇಳಿದಳು, ನಾನು ನಿನಗೆ ಹೇಳುತ್ತಿದ್ದೇನೆ. ಗಾಡಿಯ ಒಂದು ಕಡೆ ಕೋಣ, ಇನ್ನೊಂದು ಕಡೆ ಕರು ಕಟ್ಟಿದ ಹಾಗೆ. ಹೊರಗಿನದು ಹೋಟೆಲನ್ನೇ ತಣಿಸುವಂಥದ್ದು, ಒಳಗಿನ ಕಾಯಿಲ್, ಅಂದರೆ ಗಾಳಿ ತಣಿಸುವ ಸುರುಳಿ ಕೊಳವೆ, ಪುಟ್ಟ ಮನೆಯದು. ಹೊರಗಿನದು ಜಗ್ಗುವ ರಭಸಕ್ಕೆ ಪುಟ್ಟ ಕಾಯಿಲ್ ಹೆಪ್ಪುಗಟ್ಟುತ್ತಿತ್ತು. ಗಾಳಿ ಬೇಗ ತಣ್ಣಗಾಗಿ ಯಂತ್ರ ನಿಂತುಬಿಡುವುದು. ಗಾಳಿಯಲ್ಲಿರುವ ನೀರನ್ನು ಹಿಂಡಿ ಹೊರಗೆ ಹಾಕಬೇಕಾದರೆ ನಿಧಾನವಾಗಿ ಬಹಳ ಹೊತ್ತು ಓಡಬೇಕು, ಅದಕ್ಕೆ ಪುರುಸೊತ್ತೇ ಇಲ್ಲ. ನಿಂತಾಗ ಐಸ್ ಕರಗುವುದು, ನಿಲ್ಲದ ಫ್ಯಾನು ಆ ಪಸೆಯನ್ನೆಲ್ಲ ಮತ್ತೆ ಮನೆಯೊಳಗೇ ಊದುವುದು.

"ಯಾಕೆ ನಂಗೆ ಮೊದಲೇ ಹೇಳ್ಲಿಲ್ಲ?"

"ನೀನು ಆ ಕಿಂಡಿ ಕೆಳಗೆ ನಿಂತು ನಗ್ತಿದ್ದೆಯಲ್ಲ, ಅದಕ್ಕೆ."

ವಿಲ್ಟನ್ ಮೊದಲು ಫ್ಯಾನಿನ ಗುಂಡಿ ತಿರುಗಿಸಿದ, ಯಂತ್ರದ ಜೊತೆಗೇ ಫ್ಯಾನೂ ನಿಲ್ಲುವ ಹಾಗೆ. ಆಮೇಲೆ ಹುಡುಕಾಟಕ್ಕೆ ಬಿದ್ದ. ನಮ್ಮ ರಸ್ತೆಯ ಕೊನೆಯಲ್ಲಿ ಒಂದು ಸಂಸಾರ ಬಿರುಗಾಳಿಯ ಸಹವಾಸ ಸಾಕೆಂದು ಮೇಲಿನ ಊರಿಗೆ ಹೊರಟಿತ್ತು, ಮನೆ ಬಿಚ್ಚುತ್ತಿದ್ದರು. ಯುಲಾಲಿಯ ಮನೆಯಷ್ಟೇ ದೊಡ್ಡ ಮನೆ. ಅಲ್ಲಿನ ಒಳಗಿನದನ್ನೂ ಹೊರಗಿನದನ್ನೂ, ಒಟ್ಟಿಗೆ ಬಂದು ಒಟ್ಟಿಗೆ ದುಡಿದ ಜೋಡಿಯನ್ನು, ಹಾಗೇ ತಂದ. ಈ ಸಲ ಕೂರಿಸಲು ಏಸಿ ಕೆಲಸ ಬಲ್ಲವನನ್ನು ಕರೆಸಿ, ತಾನು ಬರೀ ಏಣಿ ಹಿಡಿದ. ಆ ದೊಡ್ಡ ಯಂತ್ರದ ಜೊತೆಗಾತಿ, ಅದರ ಒಳಯಂತ್ರ, ಮುಚ್ಚಿದ ಹೋಟೆಲಿನಲ್ಲೇ ಧೂಳು ತಿನ್ನುತ್ತಿತ್ತು. ಅದನ್ನೂ ಇಳಿಸಿ, ಎರಡನ್ನೂ ಸೇರಿಸಿ ಅಗ್ನಿಶಾಮಕದವರ ಸಭಾಂಗಣಕ್ಕೆ ಕೊಟ್ಟ. ಮದುವೆಯ ಕುಣಿತ ಅಲ್ಲೇ ಆಗಬೇಕಿತ್ತು. ಅಷ್ಟು ಜನರ ಬೆವರಿಗೆ ಅದೇ ಸರಿ.

ಹೊಸ ಜೋಡಿ ಗುಡುಗಲಿಲ್ಲ. ಮುದುಕರು ಗೊಣಗುವಂತೆ ಮೆಲ್ಲಗೆ, ಬಿಡದೆ ಓಡಿತು. ಕಿಟಕಿಯ ಕೆಳಗಿನ ಕೊಳವೆಯಿಂದ ನೀರು ತೊಟ್ ತೊಟ್ ಎಂದು ಬೀಳತೊಡಗಿತು. ಯುಲಾಲಿ ಅಲ್ಲೊಂದು ಬಕೆಟ್ ಇಟ್ಟಳು. ಅದು ತುಂಬಿದಾಗ, "ಇಷ್ಟೂ ನೀರು ನಾನು ಉಸಿರಾಡ್ತಿದ್ದದ್ದೇ" ಎಂದು ನನಗೆ ತೋರಿಸಿದಳು.

ಆದರೆ ನೆನೆದ ಮನೆ ಒಂದೇ ದಿನಕ್ಕೆ ಒಣಗುತ್ತದೆಯೇ? ಮೊದಲ ಸಲ ಮಾಡಿದ ಮಿಠಾಯಿ ಅಂಚಿನಲ್ಲಿ ಇನ್ನೂ ಮೆತ್ತಗಿತ್ತು. ಹಾಗಾಗಿ ಮದುವೆಯ ಅರ್ಧ ಮಿಠಾಯಿ ಅಡ್ರಿಯನ್‌ನ ಒಲೆಯ ಮೇಲೇ ಆಗಬೇಕಾಯಿತು. ಅದು ವರ್ಲೀನ್‌ಗೆ ತಿಳಿಯದೆ ಇರುತ್ತದೆಯೇ?

"ಹೆಣದ ಮನೆ ಮಿಠಾಯಿ ಮದುವೆಗಾ? ಡೆಲ್ಫೀನ್, ನೀನೇ ಹೇಳು!"

ಡೆಲ್ಫೀನ್ ಬಾಯಲ್ಲಿದ್ದದ್ದನ್ನು ಮುಗಿಸಿಯೇ ಮಾತಾಡಿದಳು. "ನಮ್ಮ ತಾತ ಅಲ್ಲಿ ಮಲಗಿದ್ರು, ಅಜ್ಜಿ ಅಲ್ಲಿ ಮಲಗಿದ್ರು, ನೋಯೆ ತಾತನೂ ಮಲಗಿದ್ರು. ಮದುವೆಗೆ ಬರೋಕಾಗದವರ ಮನೆಯಿಂದ ಸಿಹಿ ಬಂತು ಅಂದ್ಕೋತೀನಿ. ಇನ್ನೊಂದು ಕೊಡು ನೆನೇನ್."

ವರ್ಲೀನ್ ಬಾಯಿ ತೆರೆದಳು, ಯುಲಾಲಿ ಅದರೊಳಗೆ ಒಂದು ಮಿಠಾಯಿ ಇಟ್ಟಳು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಯುಲಾಲಿ ಎದ್ದು ಮಲಗುವ ಕೋಣೆಯ ಬಾಗಿಲಿಗೆ ಅಭ್ಯಾಸದಂತೆ ಭುಜ ಕೊಟ್ಟಳು. ಬಾಗಿಲು ಸಲೀಸಾಗಿ ತೆರೆದುಕೊಂಡು, ಅವಳೇ ಮುಗ್ಗರಿಸಿದಳು. ಅಡುಗೆಮನೆಗೆ ಹೋಗಿ ಉಪ್ಪಿನ ಕುಡಿಕೆಯನ್ನು ಬಗ್ಗಿಸಿದಳು. ಸುರಿಯಿತು. ಒಲೆ ಹಚ್ಚಿದಳು. ಹೊರಗೆ, ನೋಡು ತಮಾಷೆ, ಮಳೆ ಹುಯ್ಯುತ್ತಿತ್ತು. ಮಳೆಯ ದಿನ, ತನ್ನದೇ ಮನೆಯಲ್ಲಿ, ನೋಯೆಯ ಸೌಟಿನಿಂದ ತಿರುವಿ ಹುಯ್ದ ಉಳಿದರ್ಧ ಮಿಠಾಯಿ ಕಣ್ಣೆದುರೇ ಮಬ್ಬಾಗಿ, ಗಟ್ಟಿಯಾಗಿ ಕೂತಿತು. ಮದುವೆಯಲ್ಲಿ ಯಾವುದು ಯಾವ ಮನೆಯದೆಂದು ಒಬ್ಬರಿಗೂ ಗೊತ್ತಾಗಲಿಲ್ಲ. ವಿಲ್ಟನ್ ಮಾತ್ರ ಎರಡೂ ತಟ್ಟೆಯಿಂದ ತಿಂದು ತಿಂದು ಪರೀಕ್ಷೆ ಮಾಡುತ್ತಲೇ ಇದ್ದ.

ಅವಳ ಕೈ ಒಂದು ದಿನ ಹೋಗುತ್ತದೆ, ನನ್ನ ಮಂಡಿ ಹೋದ ಹಾಗೆ. ಅದು ಅವಳಿಗೂ ಗೊತ್ತು. ಅದಕ್ಕೇ ಈಗ ಡೆಲ್ಫೀನ್‌ಗೆ ಸೌಟು ಹಿಡಿಯಲು ಕೊಡುತ್ತಾಳೆ, ಭಾನುವಾರ ಮಾತ್ರ, ಅದೂ ತಾನು ಪಕ್ಕದಲ್ಲಿ ನಿಂತು. ವಿಲ್ಟನ್ ಈಗಲೂ ಕಿಂಡಿಯ ಕೆಳಗೆ ನಿಲ್ಲುತ್ತಾನೆ. ಕೇಳುವ ಮಾತು ಬದಲಾಗಿದೆ: "ಒಣಗಿದ್ಯಾ ನೆನೇನ್?"

ಸಾಕು, ಪೆನ್ನು ಇಡು. ಏಳು, ನಿಂಗೊಂದು ಕೆಲಸ ಇದೆ. ಆ ಕಪಾಟಿನ ಮೇಲೆ ನೀಲಿ ತಗಡಿನ ಡಬ್ಬಿ ಇದೆ ನೋಡು, ಅದು ಯುಲಾಲಿದು. ಖಾಲಿ ಡಬ್ಬಿ ವಾಪಸ್ ಕೊಡೋ ಪದ್ಧತಿ ನಮ್ಮಲ್ಲಿಲ್ಲ. ಬುಟ್ಟೀಲಿ ಸುಲಿದಿಟ್ಟ ಪೆಕಾನ್ ಇದೆ, ಅದನ್ನ ತುಂಬಿ, ಮುಚ್ಚಳ ಗಟ್ಟಿ ಒತ್ತಿ, ಅವಳಿಗೆ ಕೊಟ್ಟು ಬಾ. ಅವಳ ಮನೆ ಬಾಗಿಲಲ್ಲಿ ನಿಂತು ಹರಟಬೇಡ, ಪಸೆ ಒಳಗೆ ಹೋಗುತ್ತೆ. ಬರೋವಾಗ ಆ ಕಿಟಕಿ ಕೆಳಗಿನ ಬಕೆಟ್ ತುಂಬಿದ್ರೆ ಚೆಲ್ಲಿ ಬಾ ಮಗಾ, ಅವಳಿಗೆ ಬಗ್ಗೋಕಾಗಲ್ಲ.